ಗೇಟಿಗೆ ಇಳಿಯುವವರು ಯಾರು?

"ಗೇಟು!"

ಹೆಫಿನ್ ಇಷ್ಟೇ ಹೇಳುತ್ತಿದ್ದ. ಹೆಸರು ಹಿಡಿದು ಕರೆಯುವುದಾಗಲಿ, ಸ್ವಲ್ಪ ಇಳಿಯುತ್ತೀಯಾ ಎಂದು ಕೇಳುವುದಾಗಲಿ ಇಲ್ಲವೇ ಇಲ್ಲ. ಟ್ರ್ಯಾಕ್ಟರಿನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ನೆಟ್ಟಗೆ ಮುಂದೆ ನೋಡುತ್ತ, ಒಂದೇ ಮಾತು. ಪಕ್ಕದ ಪುಟ್ಟ ಸೀಟಿನಲ್ಲಿ ಮುದುರಿ ಕೂತ ಹೆಂಡತಿ ಮೈನಿರ್ ಇಳಿಯಬೇಕು, ಗೇಟು ತೆಗೆಯಬೇಕು, ಟ್ರ್ಯಾಕ್ಟರ್ ದಾಟಿದ ಮೇಲೆ ಮುಚ್ಚಬೇಕು, ಕೆಸರಿನಲ್ಲಿ ಓಡಿ ಬಂದು ಮತ್ತೆ ಹತ್ತಬೇಕು.

ವೇಲ್ಸಿನ ಗುಡ್ಡದ ಸೀಮೆಯಲ್ಲಿ ಇದೊಂದು ಯಾರೂ ಬರೆಯದ ಕಾನೂನು. ಓಡಿಸುವವರು ಇಳಿಯುವುದಿಲ್ಲ, ಪಕ್ಕದಲ್ಲಿ ಕೂತವರು ಇಳಿಯಬೇಕು. ಪಕ್ಕದಲ್ಲಿ ಕೂರುವವರು ಯಾರು ಅಂತ ಬೇರೆ ಹೇಳಬೇಕೆ? ಬ್ರಿನ್ ಹೆಲಿಗ್ ಎಂಬ, ಕುರಿ ಸಾಕುವ ಆ ತೋಟದಲ್ಲಿ ರಸ್ತೆಯಿಂದ ಮೇಲಿನ ಹುಲ್ಲುಗಾವಲಿಗೆ ಐದು ಗೇಟು. ಮದುವೆಯಾಗಿ ಬಂದ ಮೊದಲ ವಾರದಿಂದ ಮೈನಿರ್ ಅವನ್ನು ತೆಗೆದು ಮುಚ್ಚುತ್ತಿದ್ದಾಳೆ. ಹೊಟ್ಟೆಯಲ್ಲಿ ಮಗು ಇದ್ದಾಗಲೂ ಇಳಿದಳು. ಜ್ವರ ಬಂದಾಗಲೂ ಇಳಿದಳು. ಹೆತ್ತ ತಾಯಿಯನ್ನು ಮಣ್ಣು ಮಾಡಲು ಹೋಗುವ ದಿನ ಕಪ್ಪು ಕೋಟು ತೊಟ್ಟಿದ್ದಳಲ್ಲ, ಆ ಕೋಟಿನಲ್ಲೇ ಇಳಿದಳು. ಯಾರಿಗೂ ಇದು ಅನ್ಯಾಯ ಅಂತ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗೂ ಅನ್ನಿಸಿರಲಿಲ್ಲ.

ಈ ಸಲ ಅವಳ ಮಂಡಿಗೆ ಆಪರೇಷನ್ ಆಗಿತ್ತು. ಸವೆದ ಕೀಲು ತೆಗೆದು ಹೊಸದು ಹಾಕಿದ್ದರು. "ಎಷ್ಟು ಬೇಕಾದ್ರೂ ನಡೀರಿ, ಆದ್ರೆ ಎತ್ತರದಿಂದ ಹಾರೋದು, ಜಾರಿ ಬೀಳೋದು ಮಾತ್ರ ಬೇಡ. ಇನ್ನೊಂದು ಸಲ ಪೆಟ್ಟಾದ್ರೆ ನಡೆಸೋ ಭರವಸೆ ನಾನು ಕೊಡಲ್ಲ" ಎಂದು ಡಾಕ್ಟರು ಹೆಫಿನ್‌ನ ಎದುರಿಗೇ ಹೇಳಿದ್ದರು. ಹೆಫಿನ್ ಗೋಣು ಆಡಿಸಿದ್ದ. ಕುರಿಗಳು ಮರಿ ಹಾಕುವ ಕಾಲ ಬಂದ ಕೂಡಲೇ ಆ ಮಾತು ಗಾಳಿಗೆ ಹೋಯಿತು.

ಅವತ್ತು ಮಾರ್ಚ್ ತಿಂಗಳ ಬಿರುಗಾಳಿ. ಮೂರನೆಯ ಗೇಟಿನ ಚಿಲಕ ಕೆಟ್ಟು ಎಷ್ಟೋ ವರ್ಷವಾಗಿತ್ತು. ಹುಲ್ಲಿನ ಕಂತೆ ಕಟ್ಟುವ ನೀಲಿ ದಾರದಿಂದ ಹೆಫಿನ್ ಅದನ್ನು ಕಂಬಕ್ಕೆ ಬಿಗಿದಿದ್ದ. ಮೈನಿರ್ ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಗಂಟು ಬಿಚ್ಚುತ್ತಿದ್ದ ಹಾಗೆಯೇ ಗಾಳಿ ಆ ಕಬ್ಬಿಣದ ಗೇಟನ್ನು ಕಿತ್ತುಕೊಂಡು ಬೀಸಿತು. ಗೇಟು ಅವಳನ್ನು ಎಳೆದುಕೊಂಡು ಹೋಗಿ ಕೆಸರಿಗೆ ಕೆಡವಿತು.

ಹೆಫಿನ್ ಕ್ಯಾಬಿನ್ನಿನ ಬಾಗಿಲು ತೆರೆದು ತಲೆ ಹೊರಗೆ ಹಾಕಿದ.

"ಬಿಡ್ಬೇಡ ಕಣೇ! ಹಿಡ್ಕೋ, ಹಿಡ್ಕೋ! ಕುರಿ ಹೊರಗೆ ಹೋಗ್ತವೆ!"

ಕೇಳಿದಿರಾ? ಹೆಂಡತಿ ಕೆಸರಿನಲ್ಲಿ ಬಿದ್ದಿದ್ದಾಳೆ, ಇವನಿಗೆ ಕುರಿಯ ಚಿಂತೆ. ಮೈನಿರ್ ಎದ್ದಳು. ಮಂಡಿ ಮುರಿದಿರಲಿಲ್ಲ, ಅದು ಅವಳ ಪುಣ್ಯ. ಗೇಟು ಮುಚ್ಚಿದಳು. ಆದರೆ ಟ್ರ್ಯಾಕ್ಟರ್ ಹತ್ತಲಿಲ್ಲ. ಹುಲ್ಲುಗಾವಲಿನ ಅಂಚು ಹಿಡಿದು ನಿಧಾನವಾಗಿ ಇಳಿದು, ಪಕ್ಕದ ತೋಟದ ಟೆಗ್ವೆನ್ ಮನೆಗೆ ನಡೆದಳು.

ಟೆಗ್ವೆನ್ ಒಬ್ಬಳೇ ತೋಟ ನಡೆಸುವವಳು. ಚಾಪೆಲ್ ಎಂಬ ಊರ ಪ್ರಾರ್ಥನಾಮಂದಿರದ ಹೆಂಗಸರ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು ಅವಳದೇ. ಗೆಳತಿಯ ಅವತಾರ ನೋಡಿ ಒಲೆಯ ಹತ್ತಿರ ಕೂರಿಸಿದಳು. ಕಪ್ಪು ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿ ಹಾಕಿ ಮಾಡಿದ ಬ್ರೆಡ್ಡಿನ ಚೂರಿಗೆ ದಪ್ಪಗೆ ಬೆಣ್ಣೆ ಬಳಿದು ಕೊಟ್ಟಳು.

"ಏನೇ ಇದು? ಹಂದಿ ಜೊತೆ ಕುಸ್ತಿ ಆಡಿದ್ಯಾ?"

"ಗೇಟಿನ ಜೊತೆ."

"ಆಪರೇಷನ್ ಆದ ಕಾಲಲ್ಲಿ? ಇಳಿಯೋಕೆ ಹೇಳಿದ್ದು ಯಾರು, ಆ ಮಹಾನುಭಾವನೇ ತಾನೇ?"

ಅಷ್ಟರಲ್ಲಿ ಆ ಮಹಾನುಭಾವನೂ ಹುಡುಕಿಕೊಂಡು ಬಂದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಏನಾಯ್ತು ಅಂತ ಹೀಗೆ ಮುಖ ಊದಿಸ್ಕೊಂಡಿದ್ದೀಯಾ? ಒಂದು ಗೇಟು ತೆಗೆಯೋದು ಅರ್ಧ ನಿಮಿಷದ ಕೆಲಸ!"

"ಬಾ ಇಲ್ಲಿ, ಅರ್ಧ ನಿಮಿಷದ ಕೆಲಸ ಹೆಂಗೆ ಮಾಡೋದು ಅಂತ ತೋರಿಸ್ತೀನಿ," ಎಂದು ಟೆಗ್ವೆನ್ ಅವನ ತೋಳು ಹಿಡಿದು ಅಂಗಳಕ್ಕೆ ಎಳೆದಳು. ಏಪ್ರನ್ನಿನ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ರಿಮೋಟ್ ತೆಗೆದು ಗುಂಡಿ ಒತ್ತಿದಳು. ಅಷ್ಟು ದೂರದ ಅವಳ ಗೇಟು ತಾನಾಗಿಯೇ ಮೆಲ್ಲಗೆ ತೆರೆಯಿತು. ಮತ್ತೆ ಒತ್ತಿದಳು, ಮುಚ್ಚಿತು. ಗೇಟಿಗೂ ಕಂಬಕ್ಕೂ ನಡುವೆ ಒಂದು ಉದ್ದನೆಯ ಕಬ್ಬಿಣದ ತೋಳು, ಕಂಬದ ಮೇಲೊಂದು ಸೋಲಾರ್ ಫಲಕ, ಕೆಳಗೆ ಪೆಟ್ಟಿಗೆಯಲ್ಲಿ ಬ್ಯಾಟರಿ. ಅಷ್ಟೇ.

"ಓಹೋ, ಅರಮನೆ ಬಾಗಿಲು!" ಎಂದು ಹೆಫಿನ್ ನಕ್ಕ. "ನಮ್ಮೂರಲ್ಲಿ ಬಿಸಿಲು ಕಾಣೋದೇ ಅಪರೂಪ. ಬಿಸಿಲಲ್ಲಿ ಬ್ಯಾಟರಿ ತುಂಬುತ್ತಂತೆ!"

"ಮೋಡದ ಬೆಳಕಲ್ಲೂ ತುಂಬುತ್ತೆ ಕಣೋ, ನಿಧಾನ ಅಷ್ಟೇ. ತೀರಾ ಕತ್ತಲೆಯ ಚಳಿಗಾಲದಲ್ಲಿ ಬಿಚ್ಕೊಂಡು ಬಂದು ಮನೇಲಿ ಚಾರ್ಜಿಗೆ ಹಾಕ್ತೀನಿ. ನಿನ್ನ ಫೋನು ದಿನಾ ಹಾಕಲ್ವಾ ನೀನು?"

"ಕೆಟ್ಟು ನಿಂತ್ರೆ?"

"ಆ ತೋಳಿಗೆ ಒಂದು ಕೀಲಿ ಇದೆ. ತಿರುಗಿಸಿದ್ರೆ ತೋಳು ಕಳಚ್ಕೊಳ್ಳುತ್ತೆ. ಮೊದಲಿನ ಹಂಗೇ ಕೈಯಲ್ಲಿ ತೆಗಿ."

"ಮಧ್ಯೆ ಕುರಿ ಸಿಕ್ಕಿಹಾಕ್ಕೊಂಡ್ರೆ?"

"ಅಡ್ಡ ಏನಾದ್ರೂ ತಾಗಿದ್ರೆ ನಿಂತು ಹಿಂದಕ್ಕೆ ಹೋಗೋ ಥರದ್ದೇ ಕೇಳಿ ಹಾಕಿಸ್ದೆ. ಆದ್ರೂ ಗೇಟು ಕಣ್ಣಿಗೆ ಕಾಣದೆ ನಾನು ಗುಂಡಿ ಮುಟ್ಟಲ್ಲ. ಕುರಿ ಇರಲಿ, ಗುಡ್ಡ ನೋಡೋಕೆ ಬರೋ ಜನ ಇರ್ತಾರೆ. ಅವರಿಗೆ ಅಂತ ಪಕ್ಕದಲ್ಲಿ ಚಿಕ್ಕ ಗೇಟು ಬೇರೆ ಇಟ್ಟಿದ್ದೀನಿ."

ಹೆಫಿನ್‌ಗೆ ಕೇಳಲು ಪ್ರಶ್ನೆಗಳು ಮುಗಿದವು. ಮೊಂಡುತನ ಮಾತ್ರ ಮುಗಿದಿರಲಿಲ್ಲ. "ಗಂಡಸಿಲ್ಲದ ಮನೆಗೆ ಇದು ಸರಿ ಬಿಡು. ನಮ್ಮಲ್ಲಿ ಗೇಟು ತೆಗೆಯೋಕೆ ಜನ ಇದಾರೆ. ಸುಮ್ನೆ ಯಾಕೆ ದುಡ್ಡು ಹಾಳು?"

ಒಲೆ ಬಿಟ್ಟು ಬಾಗಿಲವರೆಗೆ ಬಂದಿದ್ದ ಮೈನಿರ್‌ಗೆ ಪಿತ್ತ ನೆತ್ತಿಗೇರಿತು.

"ಜನ ಇದಾರೆ! ಆ ಜನ ಯಾರು? ಹೋದ ವರ್ಷ ಹೊಸ ಟ್ರ್ಯಾಕ್ಟರ್ ತಗೊಂಡಾಗ ಬಿಸಿ ಸೀಟೇ ಬೇಕು ಅಂತ ಕೂತಿದ್ಯಲ್ಲ, ಅದಕ್ಕೆ ಕೊಟ್ಟ ದುಡ್ಡು ಹಾಳಲ್ವಾ? ನಿನ್ನ ಕುಂಡೆ ಬೆಚ್ಚಗಿರೋಕೆ ದುಡ್ಡಿದೆ, ನನ್ನ ಮಂಡಿ ಉಳಿಸೋಕೆ ಇಲ್ಲ!"

ಟೆಗ್ವೆನ್ ಗಹಗಹಿಸಿ ನಕ್ಕಳು. ಹೆಫಿನ್ ಕಿವಿಯವರೆಗೂ ಕೆಂಪಾಗಿ ಟೋಪಿ ಹಾಕಿಕೊಂಡು ಹೊರಟುಬಿಟ್ಟ. ಕೆಲವರು ಹಾಗೆಯೇ, ಮಾತಿಗೆ ಸೋತರೆ ಟೋಪಿ ಹುಡುಕುತ್ತಾರೆ.

ಮಾರನೆಯ ಬೆಳಿಗ್ಗೆ ಮೇಲಿನ ಕುರಿಗಳಿಗೆ ಮೇವು ಒಯ್ಯಬೇಕಿತ್ತು. ಮೈನಿರ್ ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತಳು. ಮೊದಲ ಎರಡು ಗೇಟುಗಳನ್ನು ಬೆಳಗಿನ ಜಾವವೇ ತೆರೆದಿಟ್ಟಿದ್ದರು. ಏರುವ ದಾರಿ ಮೂರನೆಯದರ ಹತ್ತಿರ ಮಾತ್ರ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಟ್ರ್ಯಾಕ್ಟರ್ ನಿಂತಿತು.

"ಗೇಟು!"

"ಹೌದು, ಗೇಟು. ನನಗೂ ಕಾಣ್ತಾ ಇದೆ."

"ಇಳಿ ಮತ್ತೆ."

"ಇಳಿಯಲ್ಲ."

"ಮೈನಿರ್, ತಮಾಷೆ ಮಾಡ್ಬೇಡ. ಕುರಿ ಹಸಿದಿವೆ."

"ಅರ್ಧ ನಿಮಿಷದ ಕೆಲಸ ಅಲ್ವಾ? ನೀನೇ ಮಾಡು."

ಹೆಫಿನ್ ಗೊಣಗಿದ, ಹಲ್ಲು ಕಡಿದ, ಕೊನೆಗೆ ಗೇರು ನ್ಯೂಟ್ರಲ್‌ಗೆ ತಂದು ಬಾಗಿಲು ದಬ್ಬಿ ಹಾರಿದ. ಎಂಜಿನ್ ಓಡುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆಯಲೇ ಇಲ್ಲ. ಅರ್ಧ ನಿಮಿಷಕ್ಕೆ ಅದೆಲ್ಲ ಯಾಕೆ ಅನ್ನುವ ಧಿಮಾಕು. ಹೋಗಿ ಗೇಟಿನ ಮುಂದೆ ಬಗ್ಗಿ ತಾನೇ ಹಾಕಿದ ನೀಲಿ ದಾರದ ಗಂಟು ಬಿಚ್ಚಲು ಕೂತ. ಒದ್ದೆಯಾದ ದಾರ ಬಿಗಿದುಕೊಂಡು ಬಿಡಲೊಲ್ಲದು. ಅವನು ಅದಕ್ಕೂ ಬೈಯುತ್ತಿದ್ದ.

ಗಾಜಿನಾಚೆ ಬೇಲಿಯ ಕಂಬ ಹಿಂದಕ್ಕೆ ಸರಿಯುತ್ತಿರುವುದು ಮೈನಿರ್‌ಗೆ ಕಂಡಿತು. ಕಂಬ ಯಾಕೆ ಸರಿಯುತ್ತೆ? ಸರಿಯುತ್ತಿದ್ದುದು ಟ್ರ್ಯಾಕ್ಟರು. ಹಿಂದೆ ಮೇವು ತುಂಬಿದ ಟ್ರೇಲರ್ ತಳ್ಳುತ್ತಿತ್ತು, ಮುಂದೆ ಇಳಿಜಾರು, ಅದರ ಕೆಳಗೆ ಹೆಫಿನ್‌ನ ಬಗ್ಗಿದ ಬೆನ್ನು.

"ಹೆಫಿನ್! ಏಯ್ ಹೆಫಿನ್! ಸರಿ ಆಚೆ!"

ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಮೈನಿರ್ ಮಂಡಿಯನ್ನೂ ಮರೆತು ಡ್ರೈವರ್ ಸೀಟಿನ ಮೇಲೆ ಬೋರಲು ಬಿದ್ದು, ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದಳು. ಟ್ರ್ಯಾಕ್ಟರ್ ಮುಗ್ಗರಿಸಿ ನಿಂತಿತು. ಹೆಫಿನ್ ಬೆಚ್ಚಿ ತಿರುಗಿದ. ಕೈ ಚಾಚಿದರೆ ಬಾನೆಟ್ಟು ಸಿಗುತ್ತಿತ್ತು.

ಆಗ ಅವನು ಏನೆಂದ ಗೊತ್ತೇ?

"ತಲೆ ಕೆಟ್ಟಿದ್ಯಾ ನಿಂಗೆ? ಯಾಕೆ ಮುಂದಕ್ಕೆ ತಂದೆ?"

ಮೈನಿರ್‌ಗೆ ಹೆದರಿಕೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಎಂಜಿನ್ ಆರಿಸಿ, ಬಾಗಿಲ ಹಿಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಅವನ ಮುಂದೆ ಬಂದು ನಿಂತಳು.

"ನಾನು ತರಲಿಲ್ಲ. ಅದೇ ಬಂತು. ನೀನು ಬ್ರೇಕ್ ಹಾಕ್ದೆ ಹಾರಿದೆ. ನಾನು ಎಳೀದೇ ಹೋಗಿದ್ರೆ ಈಗ ನಿನ್ನನ್ನ ಈ ಗೇಟಿನ ಕಂಬಿಯಿಂದ ಬಿಡಿಸ್ಬೇಕಾಗಿತ್ತು. ಅದಕ್ಕೂ ನನ್ನನ್ನೇ ಬೈತೀಯಾ?"

ಹೆಫಿನ್ ಬಾನೆಟ್ಟು ನೋಡಿದ, ಗೇಟು ನೋಡಿದ, ಎರಡರ ನಡುವೆ ತಾನು ನಿಂತ ಜಾಗ ನೋಡಿದ.

"ನೀನು... ಇಷ್ಟು ವರ್ಷವೂ ಇಲ್ಲೇ ನಿಲ್ತಿದ್ದೆ."

"ಇಲ್ಲೇ. ನಿನ್ನ ಕಡೆ ಬೆನ್ನು ಹಾಕಿ, ನೀನು ಕಟ್ಟಿದ ಗಂಟು ಬಿಚ್ಚುತ್ತಾ. ನಿನ್ನ ಕಾಲು ಬ್ರೇಕಿನ ಮೇಲೆ, ಕಣ್ಣು ಎಷ್ಟೋ ಸಲ ಫೋನಿನ ಮೇಲೆ. ಒಂದು ದಿನ, ಒಂದೇ ಒಂದು ದಿನ ಕಾಲು ಜಾರಿದ್ರೆ?"

ಹೆಫಿನ್ ಟೋಪಿ ತೆಗೆದು, "ತಪ್ಪಾಯ್ತು ಕಣೇ," ಎಂದ. ಆ ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಆವರೆಗೆ ಕೇಳಿರಲಿಲ್ಲ.

ಅದೇ ಮಧ್ಯಾಹ್ನ ಹೆಫಿನ್ ತಾನಾಗಿಯೇ ಟೆಗ್ವೆನ್‌ಗೆ ಫೋನ್ ಮಾಡಿದ. ಅವಳು ಬಂದಳು. ಮೂವರೂ ಐದು ಗೇಟಿನ ದಾರಿ ನಡೆದು ನೋಡಿದರು. ಇಳಿಜಾರಿನ ಎರಡು ಗೇಟಿಗೆ, ತಡ ಮಾಡದೆ, ಬ್ಯಾಟರಿಯದನ್ನೇ ಹಾಕಿಸುವುದೆಂದಾಯಿತು. ರಸ್ತೆಯ ಪಕ್ಕದ ಗೇಟಿಗೆ ಅದು ಮುಂದಿನ ವರ್ಷ.

"ಉಳಿದೆರಡಕ್ಕೆ?" ಎಂದ ಹೆಫಿನ್. "ಎಲ್ಲಾದಕ್ಕೂ ಒಟ್ಟಿಗೆ ಹಾಕ್ಸೋಕೆ ನಮ್ಮ ಕೈಲಾಗಲ್ಲ."

"ಅವಕ್ಕೆ ಹಗ್ಗ ಸಾಕು," ಎಂದಳು ಟೆಗ್ವೆನ್. "ಚಿಲಕದಿಂದ ಒಂದು ಹಗ್ಗ, ರಾಟೆ ಮೇಲೆ ಹಾಯಿಸಿ, ಈಚೆ ದಾರಿ ಪಕ್ಕದ ಕಂಬಕ್ಕೆ ತಂದು ಇಳಿಬಿಡು. ಕ್ಯಾಬಿನ್ನಿನ ಕಿಟಕಿಯಿಂದ ಕೈಗೆ ಸಿಗ್ಬೇಕು. ಎಳೆದ್ರೆ ಚಿಲಕ ಏಳುತ್ತೆ, ಸ್ವಲ್ಪ ವಾಲಿಸಿ ಕೂರಿಸಿದ ಗೇಟು ತಾನಾಗಿ ತೆರೆಯುತ್ತೆ. ಆಚೆ ಕಡೆಗೂ ಒಂದು ಹಗ್ಗ, ದಾಟಿದ ಮೇಲೆ ಎಳೆದು ಮುಚ್ಚೋಕೆ. ನಿಮ್ಮ ದನ ಕೂಡಿಹಾಕೋ ಕೊಟ್ಟಿಗೆಗೂ ಇದನ್ನೇ ಮಾಡ್ಕೋ. ಹೋರಿ ಮುಂದೆ ಹೋಗಿ ನಿಂತು ಗೇಟು ಮುಚ್ಚೋ ಗ್ರಹಚಾರ ಯಾರಿಗೂ ಬೇಡ."

ನಾಲ್ಕನೆಯ ಗೇಟಿನ ಹತ್ತಿರ ಹೆಫಿನ್ ಓಕ್ ಮರದ ಹಳೆಯ ಕಂಬ ತಡವುತ್ತ ನಿಂತ. ಬಳ್ಳಿಯ ಎಲೆ ಸರಿಸಿದಾಗ ತುಕ್ಕು ಹಿಡಿದ ಒಂದು ರಾಟೆ ಕಂಡಿತು.

"ಅರೆ, ಇದು ನಮ್ಮಜ್ಜ ಹಾಕಿದ್ದು. ಕುದುರೆ ಗಾಡಿ ಕಾಲದ್ದು. ಅಪ್ಪ ಹೇಳ್ತಿದ್ರು. ಗೇಟಿನ ಹತ್ರ ನಿಲ್ಲಿಸಿ ಇಳಿದ್ರೆ ಕುದುರೆ ಗಾಬರಿ ಆಗ್ತಿತ್ತಂತೆ, ಅದಕ್ಕೆ ಕೂತಲ್ಲಿಂದಲೇ ಹಗ್ಗ ಎಳೆದು ತೆಗೀತಿದ್ರಂತೆ."

"ಮತ್ತೆ ಹಗ್ಗ ಏನಾಯ್ತು?" ಎಂದು ಮೈನಿರ್ ಕೇಳಿದಳು.

ಹೆಫಿನ್ ತಲೆ ತಗ್ಗಿಸಿದ. "ಅಜ್ಜಂಗೆ ಮದುವೆ ಆಯ್ತು. ಆಮೇಲೆ ಹಗ್ಗ ಬೇಕಾಗ್ಲಿಲ್ಲ."

ಯಾರೂ ನಗಲಿಲ್ಲ. ಟೆಗ್ವೆನ್ ಕೂಡ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಆ ಮನೆಯಲ್ಲಿ ಕುದುರೆಗೆ ಸಿಕ್ಕ ಮರ್ಯಾದೆ ಹೆಂಗಸಿಗೆ ಸಿಗಲು ಮೂರು ತಲೆಮಾರು ಹಿಡಿಯಿತು. ನಿಮ್ಮ ಮನೆಯಲ್ಲಿ ಎಷ್ಟು ಹಿಡಿಯಬೇಕು? ಹಾಳಾದ ಒಂದು ಗೇಟಿಗಾಗಿ ಹೆಂಡತಿಯನ್ನೋ, ವಯಸ್ಸಾದ ತಂದೆಯನ್ನೋ, ಶಾಲೆಯಿಂದ ಬಂದ ಮಗಳನ್ನೋ ಓಡುವ ಎಂಜಿನ್ನಿನ ಮುಂದೆ ನಿಲ್ಲಿಸುತ್ತೀರಲ್ಲ, ಮನಸ್ಸಾದರೂ ಹೇಗೆ ಬರುತ್ತದೆ?

ಇವತ್ತೇ ನಿಮ್ಮ ತೋಟದ ಗೇಟುಗಳನ್ನು ನಡೆದು ನೋಡಿ. ಇಳಿಜಾರಿನಲ್ಲಿರುವುದಕ್ಕೆ, ದನಕುರಿ ನುಗ್ಗುವುದಕ್ಕೆ ಮೊದಲು ದೂರದಿಂದ ತೆಗೆಯುವ ಏರ್ಪಾಡು ಮಾಡಿ. ಕೈಲಾದರೆ ಬ್ಯಾಟರಿಯದು, ಇಲ್ಲವಾದರೆ ಹಗ್ಗ ಮತ್ತು ರಾಟೆ. ಗೇಟಿನ ಬಳಿ ಯಾರೂ ಇಲ್ಲವೆಂದು ಕಣ್ಣಾರೆ ನೋಡಿಯೇ ಗುಂಡಿ ಒತ್ತಿ. ಅದು ಆಗುವವರೆಗೆ ಯಾರೇ ಇಳಿಯಲಿ, ಮೊದಲು ಹ್ಯಾಂಡ್‌ಬ್ರೇಕ್ ಎಳೆಯಿರಿ, ಎಂಜಿನ್ ಆರಿಸಿ, ಕೀಲಿ ಕಿತ್ತು ಇಳಿಯುವವರ ಕೈಗೇ ಕೊಡಿ. ಮುಂದಿನ ಚಳಿಗಾಲಕ್ಕೆ ನೋಡೋಣ ಅನ್ನಬೇಡಿ. ಮುಂದಿನ ಚಳಿಗಾಲಕ್ಕೆ ಅವರು ಇರಬೇಕಲ್ಲ.