ಕಾರ್ಡಿಗೆ ಹೋಗಬೇಕಿದ್ದ ನವಿಲು

ಶಮೀಮಾಬಿ ಜಮಖಾನದಲ್ಲಿ ನೇಯುವ ನವಿಲೆಂದರೆ ನವಲಗುಂದದಲ್ಲೇ ಹೆಸರುವಾಸಿ. ಅದರ ಬಗೆಯನ್ನು ಆ ಮನೆತನದಲ್ಲಿ ಅತ್ತೆ ಸೊಸೆಗೆ ಹೇಳಿಕೊಡಬೇಕು, ಮಗಳಿಗೆ ಮಾತ್ರ ಕೂಡದು. ಕಲಿತ ಮಗಳು ಲಗ್ನವಾಗಿ ವಿದ್ಯೆಯನ್ನು ಬೇರೆ ಮನೆಗೆ ಹೊತ್ತೊಯ್ಯುತ್ತಾಳೆಂಬ ಹೆದರಿಕೆ. ಶಮೀಮಾಬಿಗೆ ಗಂಡುಮಕ್ಕಳಿಲ್ಲ, ಸೊಸೆ ಬರುವ ಮಾತೇ ಇಲ್ಲ. ಇದ್ದೊಬ್ಬ ಮಗಳು ಶಹನಾಜಳನ್ನು, ನವಿಲು ಮಗ್ಗಕ್ಕೆ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಅಡುಗೆಮನೆಗೆ ಅಟ್ಟುತ್ತಿದ್ದಳು. ಅಟ್ಟಿದ ಮೇಲೆ ತನಗೇ ಸಂಕಟ. ತನ್ನ ಕೈ ನಿಂತ ದಿನ ನವಿಲೂ ನಿಂತಂತೆಯೇ ಎಂದು ಆಕೆಗೆ ಗೊತ್ತಿತ್ತು.

ಅಂಥದರಲ್ಲಿ ಒಂದು ಮಧ್ಯಾಹ್ನ ಮಡಿವಾಳೆಪ್ಪ ಮಾಸ್ತರರು ಬಂದರು. ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಇವರು ಮುಂಬಯಿಗೆ ಹೋಗಿ, ಆಗಷ್ಟೇ ದೇಶಕ್ಕೆ ಬಂದಿದ್ದ ಕಂಪ್ಯೂಟರ್ ನೋಡಿ ಬಂದವರು. ಬಂದಾಗಿನಿಂದ ಬಾಯಲ್ಲಿ ಬೇರೆ ಮಾತಿಲ್ಲ. ಜಮಖಾನ ಕೊಳ್ಳಲು ಬಂದದ್ದನ್ನೂ ಮರೆತು, ಜೇಬಿನಿಂದ ತೂತುತೂತಿನ ಕಾರ್ಡೊಂದನ್ನು ತೆಗೆದು ಶುರುಹಚ್ಚಿಕೊಂಡರು. ಆ ಯಂತ್ರಕ್ಕೆ ಇಡೀ ಕೋಣೆ ಬೇಕಂತೆ, ಸೆಕೆ ಆಗಿಬರುವುದಿಲ್ಲವಂತೆ, ತಂಪುಗಾಳಿ ಹಾಕಿ ಸಾಕಬೇಕಂತೆ. ಇದರ ಉಪಚಾರ ಹೊಸ ಅಳಿಯನದಕ್ಕಿಂತ ಹೆಚ್ಚಾಯಿತು ಎಂದು ಶಮೀಮಾಬಿ ಒಳಗೊಳಗೇ ನಕ್ಕಳು. ಆದರೆ ಒಳಗೆ ಹಾಕಿದ ಕಾರ್ಡಿನಲ್ಲಿ ತೂತಿದ್ದರೆ ಹೌದು, ಇಲ್ಲದಿದ್ದರೆ ಅಲ್ಲ, ಇಷ್ಟರಲ್ಲೇ ಅದು ಎಲ್ಲವನ್ನೂ ತಿಳಿಯುತ್ತದೆ ಎಂದಾಗ ಆಕೆಯ ಕಿವಿ ನಿಮಿರಿತು. ನೂಲು ಎಳೆಯ ಮೇಲೆ, ಇಲ್ಲವೇ ಎಳೆಯ ಕೆಳಗೆ. ತನ್ನ ಕಸುಬೂ ಅಷ್ಟೇ ಅಲ್ಲವೇ?

“ಮುಂದ ಈ ಯಂತ್ರ ಸಣ್ಣದಾಗಿ ಮೇಜಿನ ಮ್ಯಾಲೆ ಕುಂಡರತೈತ್ರಿ, ಅವ್ವಾರ. ನಿಮ್ಮ ನವಿಲನ್ನ ಕಾರ್ಡಿಗೆ ಹಾಕಿಟ್ರ ನೂರು ವರ್ಷಾದ್ರೂ ಮರಿಯೂದಿಲ್ಲ,” ಎಂದರು ಮಾಸ್ತರರು.

ಶಮೀಮಾಬಿಯ ಜೀವ ಹಗುರಾಯಿತು. ಅಂತೂ ನವಿಲು ಉಳಿಯಿತಲ್ಲ. ಮಾಸ್ತರರು ಚೌಕುಳಿ ಹಾಳೆ ಹರಡಿ ಪೆನ್ಸಿಲು ಹಿಡಿದರು. ಹೇಳಲು ಬಾಯಿ ತೆರೆದವಳು, ಏನೋ ಹೊಳೆದು, ಆ ಯಂತ್ರ ಯಾರ ಮನೆಯದೆಂದು ಕೇಳಿದಳು. ಯಾರ ಮನೆಯದೂ ಅಲ್ಲ, ಕಾರ್ಡು ಹಾಕಿದವರಿಗೆಲ್ಲ ಹೇಳುತ್ತದೆ ಎಂದು ಮಾಸ್ತರರು ಹೆಮ್ಮೆಯಿಂದ ಹೇಳಿದರು.

ಶಮೀಮಾಬಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ನಗುವೂ ಬಂತು.

“ಕಂಡವರ ಯಂತ್ರಕ್ಕ ಕಲಿಸಾಕ ಕುಂತೇನ್ರಿ. ಹೊಟ್ಟ್ಯಾಗ ಹುಟ್ಟಿದಾಕಿಗೆ ಮಾತ್ರ ಇಲ್ಲ ಅಂತೇನಿ. ಜರಾ ತಡ್ರಿ, ಮೊದಲ ಆಕಿ ಕಲೀಲಿ.”

ಒಳಗಿನಿಂದ ಶಹನಾಜಳನ್ನು ಕರೆದು ಮಗ್ಗದ ಮುಂದೆ ತನ್ನ ಪಕ್ಕದಲ್ಲೇ ಕೂಡಿಸಿಕೊಂಡಳು. ನವಿಲು ಕೊರಳಿನವರೆಗೆ ಮುಗಿದಿತ್ತು. ಯಾವ ಬಣ್ಣ ಹಿಡಿಯಬೇಕೆಂದು ಹೇಳುವ ಮೊದಲೇ ಮಗಳ ಕೈ ಹಸಿರು ನೂಲಿನ ಉಂಡೆಗೆ ಹೋಗಿತ್ತು. ಅಡುಗೆಮನೆಯ ಬಾಗಿಲ ಸಂದಿನಿಂದ ಎಷ್ಟು ವರ್ಷ ನೋಡಿದ್ದಳೋ. ಶಮೀಮಾಬಿ ಸರಿದು ಇನ್ನಷ್ಟು ಜಾಗ ಬಿಟ್ಟಳು.