ಮೌನ ಹಿಡಿಯುವ ಪೆಟ್ಟಿಗೆ

ಪಂಡರಿಯ ಹಾಲಿನ ಗಾಡಿ ಹುಮನಾಬಾದಿನ ವರ್ಕ್‌ಶಾಪಿಗೆ ಬಂದಾಗಲೆಲ್ಲ ಬಲು ಸಾಧುವಾಗಿಬಿಡುತ್ತಿತ್ತು. ಮೋರಖಂಡಿಯಲ್ಲಿ ಹಾಲು ತುಂಬಿಕೊಂಡು ಬಸವಕಲ್ಯಾಣ ದಾಟುವಷ್ಟರಲ್ಲಿ ಅದರ ತಂಪು ಯಂತ್ರ ನಿಂತುಹೋಗುತ್ತಿತ್ತು. ಇಲ್ಲಿಗೆ ಬಂದು ಕೀಲಿ ತಿರುವಿದರೆ ಮತ್ತೆ ಗುಂಯ್ ಎನ್ನುತ್ತಿತ್ತು. ಯಂತ್ರವನ್ನು ಆಳುವ ಅಂಗೈಯಗಲದ ಪೆಟ್ಟಿಗೆ ಇದೇ ವರ್ಕ್‌ಶಾಪಿನದು; ಅದನ್ನು ಪರೀಕ್ಷಿಸುವ ಕೆಲಸ ಘಾಟಬೋರಾಳದ ಪ್ರಣಿತಾಳದು.

“ಪೆಟ್ಟಿಗಿ ಬರೋಬ್ಬರಿ ಅದ,” ಎಂದರು ಮಾಲೀಕ ಸಲಾವುದ್ದೀನ್.

“ಮತ್ತ ನನ್ನ ಹಾಲ್ಯಾಕ ಒಡಿಯಾಕತ್ತಾವ್ರಿ?” ಪಂಡರಿ ಕೇಳಿದ.

ಮರುದಿನ ಬೆಳಿಗ್ಗೆ ಪ್ರಣಿತಾ ತಾನೇ ಮೋರಖಂಡಿಗೆ ಹೋಗಿ ಗಾಡಿ ಹತ್ತಿದಳು. ಒಂದು ದೊಡ್ಡ ಗುಂಡಿಗೆ ಚಕ್ರ ಧಡ್ ಎಂದು ಇಳಿಯಿತು, ಯಂತ್ರ ನಿಂತಿತು. ಸೀಟಿನಡಿ ಬಗ್ಗಿ ನೋಡಿದರೆ, ಪೆಟ್ಟಿಗೆ ಎಂಜಿನ್ನಿನೊಡನೆ ಮಾತಾಡುವ ಜೋಡಿ ವೈರುಗಳ ಸಿಪ್ಪೆ ಸವೆದು, ಗಾಡಿ ಕುಲುಕಿದಾಗಲೆಲ್ಲ ಅವು ಒಂದಕ್ಕೊಂದು ತಾಗುತ್ತಿದ್ದವು.

“ಟೇಪ್ ಸುತ್ತು ಬೇಟಿ, ಮುಗೀತು,” ಎಂದರು ವರ್ಕ್‌ಶಾಪಿನಲ್ಲಿ ಸಲಾವುದ್ದೀನ್.

“ಈ ವೈರ್ ಸರಿ ಹೋಗ್ತದ್ರಿ. ನಾಳಿಗಿ ಬ್ಯಾರೆ ಗಾಡಿದು ಸವೀತದ. ವೈರ್ ತಾಗೋದು ಬಿಟ್ಟಮ್ಯಾಲೂ ಪೆಟ್ಟಿಗಿ ಯಾಕ ಎಚ್ಚರ ಆಗಲ್ಲ, ಅದು ತಿಳೀಬೇಕ್ರಿ.”

ಟೇಬಲ್ಲಿನ ಮೇಲೆ ವೈರುಗಳನ್ನು ಕೈಯಿಂದಲೇ ತಾಗಿಸಿ ನೋಡಿದಳು. ಒಮ್ಮೆ ಪೆಟ್ಟಿಗೆ ಮೌನ ಹಿಡಿಯಿತು. ಆಮೇಲೆ ಆರು ಸಲ ಏನೂ ಆಗಲಿಲ್ಲ. ಬೇಕೆಂದಾಗ ಬಾರದ ರೋಗಕ್ಕೆ ಮದ್ದು ಅರೆಯುವುದು ಹೇಗೆ?

ಮೂರು ದಿನ ತಲೆ ಕೆರೆದುಕೊಂಡಳು. ಪೆಟ್ಟಿಗೆ ತನ್ನ ತಪ್ಪುಗಳನ್ನು ತಾನೇ ಎಣಿಸುತ್ತದೆ: ಒಂದು ಸಂದೇಶ ಕೆಟ್ಟರೆ ಎಂಟು ಅಂಕ ಏರುತ್ತದೆ, ಒಂದು ಸರಿಯಾಗಿ ಹೋದರೆ ಒಂದು ಇಳಿಯುತ್ತದೆ. ಸತತ ಮೂವತ್ತೆರಡು ಕೆಟ್ಟರೆ ಅಂಕ ಮಿತಿ ದಾಟಿ ಬಾಯಿ ಮುಚ್ಚುತ್ತದೆ, ತಂಪು ಯಂತ್ರವೂ ನಿಲ್ಲುತ್ತದೆ. ಕೈಗೆ ಆ ಲೆಕ್ಕ ಎಲ್ಲಿ ಸಿಗಬೇಕು? ಅದಕ್ಕೇ ಒಂದು ಪುಟ್ಟ ಸರ್ಕ್ಯೂಟ್ ಕಟ್ಟಿದಳು. ಗುಂಡಿ ಒತ್ತಿದರೆ ಸಾಕು, ಪೆಟ್ಟಿಗೆ ಬಾಯಿ ತೆರೆದಾಗಲೆಲ್ಲ ಅಡ್ಡಮಾತಾಡಿ ಅದರ ಸಂದೇಶಗಳನ್ನು ಸತತ ಮೂವತ್ತೆರಡು ಬಾರಿ ಕೆಡಿಸುತ್ತಿತ್ತು.

ಒತ್ತಿದಳು. ಪೆಟ್ಟಿಗೆ ಮೌನ. ಹತ್ತು ಸಲ ಒತ್ತಿದರೆ ಹತ್ತು ಸಲವೂ ಮೌನ.

“ಕೆಡ್ತು! ಎಲ್ಲಾ ಸಲ ಕೆಡ್ತು!” ಎಂದು ಅವಳು ಕುಣಿದದ್ದು ನೋಡಿ ಸಲಾವುದ್ದೀನ್ ಚಹದ ಕಪ್ ಹಿಡಿದು ಹಾಗೇ ನಿಂತರು.

ಇನ್ನು ಕಾರಣ ಹುಡುಕುವುದು ಸಲೀಸಾಯಿತು. ಮೌನಕ್ಕೆ ಬಿದ್ದ ಪೆಟ್ಟಿಗೆ ತುಸು ತಡೆದು ಮತ್ತೆ ಮಾತಿಗೆ ಇಳಿಯಬೇಕಿತ್ತು; ಹಾಗೆ ಹೇಳುವ ಸಾಲನ್ನು ಅದರ ಪ್ರೋಗ್ರಾಮಿನಲ್ಲಿ ಯಾರೋ ಬರೆದೇ ಇರಲಿಲ್ಲ. ಪ್ರಣಿತಾ ಬರೆದಳು. ನೂರು ಸಲ ಕೆಡಿಸಿದಳು, ನೂರು ಸಲವೂ ಅದು ಎದ್ದು ಕೂತಿತು.

ಕೊನೆಯ ಪರೀಕ್ಷೆ, ವೈರಿಗೆ ಟೇಪ್ ಸುತ್ತಿ ಪುಟ್ಟ ಸರ್ಕ್ಯೂಟನ್ನೂ ಜೋಡಿಸಿದ ಗಾಡಿಯಲ್ಲೇ. ಬಸವಕಲ್ಯಾಣ ದಾಟಿದ ಮೇಲೆ ಅವಳು ಗುಂಡಿ ಒತ್ತಿದಳು. ಯಂತ್ರ ನಿಂತಿತು. ಪಂಡರಿಯ ಮುಖ ಇಳಿಯಿತು.

“ಹಾಲು ತುಂಬೇದವ್ವಾ!”

“ತಡೀರಿ ಕಾಕಾ.”

ಎರಡು ಉಸಿರಿನಲ್ಲಿ ಯಂತ್ರ ಗುಂಯ್ ಎಂದಿತು. ಪಂಡರಿ ಗಹಗಹಿಸಿ ನಕ್ಕು ಗಾಡಿಯನ್ನು ರಸ್ತೆ ಬದಿಗೆ ಹಾಕಿ ಕೈ ಚಾಚಿದ:

“ತಾ ಇಲ್ಲಿ, ಒಂದ್ಸಲ ನಾನೂ ಕೆಡಸ್ತೀನಿ.”