ಚಲೋ ಐತೆ ಅನ್ನಬ್ಯಾಡ್ರಿ

ನನ್ನ ಮಗಳು ಸುಷ್ಮಾ ಬರಿಸ್ತಾ, ಅಂದರೆ ಕಾಫಿ ಮಾಡುವುದನ್ನೇ ಕಸುಬಾಗಿ ಕಲಿತವಳು. ಈಗ ಯಾರಾದರೂ ಕೇಳಿದರೆ ಎದೆಯುಬ್ಬಿಸಿಯೇ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಕೇಳಿದ್ದರೆ "ಅದೇನೋ ಕಾಫಿ ಅಂಗಡಿ ಅಂತೆ" ಎಂದು ಮಾತು ಹಾರಿಸುತ್ತಿದ್ದೆ. ದಾವಣಗೆರೆಯ ಆನೆಕೊಂಡದಲ್ಲಿ ಮೂವತ್ತೆರಡು ವರ್ಷದಿಂದ ಚಾ ಮಾಡುತ್ತಿರುವ ಮಾಲತೇಶಪ್ಪ ನಾನು. ಅಂಥವನ ಮಗಳು ಬಿ.ಕಾಂ. ಮುಗಿಸಿ ಚಿಕ್ಕಮಗಳೂರಿಗೆ ಹೋಗಿ, ಆರು ತಿಂಗಳು ಕಾಫಿ ಮಾಡುವುದನ್ನು ಕಲಿತು ಬಂದಳೆಂದರೆ ನನಗೆ ಹೇಗಾಗಿರಬೇಡ? ಒಲೆ ಮುಂದೆ ನಿಲ್ಲುವುದನ್ನು ಕಲಿಯುವುದಾಗಿದ್ದರೆ ಮನೆಯಲ್ಲೇ ಒಲೆ ಇರಲಿಲ್ಲವೆ?

ಅವಳ ವಾದವೇ ಬೇರೆ. "ಅಪ್ಪಾ, ನಮ್ಮೂರಿಂದ ಮೂರು ತಾಸು ಹೋದ್ರೆ ಗುಡ್ಡದ ತುಂಬ ಕಾಫಿ ಬೆಳೀತಾರೆ. ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುತ್ತೆ. ದಾವಣಗೆರೆಗೆ ಮಾತ್ರ ಬರಲ್ಲ. ನಾವು ಪಾಕೀಟು ಹರಿದು ಬಿಸಿನೀರಿಗೆ ಸುರ್‍ಕೊಂಡು ಕಾಫಿ ಅಂತೀವಿ. ನಾಚಿಕೆ ಆಗಲ್ವೇನು?"

ನನಗೇನೂ ನಾಚಿಕೆಯಾಗಲಿಲ್ಲ. ಚಾ ಮಾರುವವನಿಗೆ ಕಾಫಿಯ ಮಾನ ಕಟ್ಟಿಕೊಂಡು ಏನಾಗಬೇಕು?

ಆದರೂ ವಿದ್ಯಾನಗರದ ಹಾಸ್ಟೆಲುಗಳ ನಡುವೆ ಅವಳು ಅಂಗಡಿ ತೆಗೆದಳು. ಬೀಜವನ್ನು ಸಣ್ಣ ಬೆಳೆಗಾರರಿಂದ ತಾನೇ ತರುತ್ತಾಳೆ, ತಾನೇ ಹುರಿಯುತ್ತಾಳೆ. ಈ ವಾರ ಯಾರ ತೋಟದ ಕಾಫಿ ಎಂದು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬೆಳೆಗಾರನ ಹೆಸರು ಬರೆಯುತ್ತಾಳೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಕಲಿಯಲು ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಸ್ಟೀಲ್ ಫಿಲ್ಟರ್ ಇಟ್ಟು ಪಾಠ ಮಾಡುತ್ತಾಳೆ. ಅವಳ ಪಾಠದಲ್ಲಿ ಒಂದು ಕಟ್ಟುನಿಟ್ಟು ಇದೆ. ಮಾಡಿದವರು ಮೊದಲು ತಾವೇ ಕುಡಿಯಬೇಕು, ಕುಡಿದು ನಿಜ ಹೇಳಬೇಕು.

ಅಂಗಡಿಯ ಮೊದಲ ದಿನ ನನಗೂ ಒಂದು ಲೋಟ ಕೊಟ್ಟು ಮುಖ ನೋಡುತ್ತ ನಿಂತಿದ್ದಳು. ಕಷಾಯದಂತಿತ್ತು. "ಚಲೋ ಐತೆ" ಎಂದೆ. ನಮ್ಮ ಕಡೆ ಯಾರು ಏನು ಕೊಟ್ಟರೂ ಹೇಳುವುದು ಇದನ್ನೇ. ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರು ಬಡಿಸಿದರೂ ಚಲೋ ಐತೆ, ಮದುವೆಯಲ್ಲಿ ಸೀದ ಪಾಯಸ ಬಂದರೂ ಚಲೋ ಐತೆ. ಕೊಟ್ಟವರ ಮುಖಕ್ಕೆ ಹೊಡೆದಂತೆ ಹೇಳುವುದು ಹೇಗೆ? ಅವತ್ತಿನಿಂದ ಅವಳು ನನಗೆ ಕಾಫಿ ಕೊಡುವುದನ್ನೇ ನಿಲ್ಲಿಸಿದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಹರಿಹರದಿಂದ ಭಾಗ್ಯಲಕ್ಷ್ಮಿ ಎಂಬಾಕೆ ಬಂದಳು. ಹನ್ನೆರಡು ಹೆಂಗಸರ ಸಂಘ ಕಟ್ಟಿಕೊಂಡವಳು. ಅಲ್ಲಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಷಿನ್ ಕಾಫಿ ಕುಡಿದು ಕೆಲಸಗಾರರಿಗೆ ಸಾಕಾಗಿದೆ, ಮ್ಯಾನೇಜರ್ ಪಂಚಾಕ್ಷರಪ್ಪನವರು ಬೇರೆ ದಾರಿ ಹುಡುಕುತ್ತಿದ್ದಾರೆ, ನಾವು ಕಾಫಿ ಮಾಡಿಕೊಡುತ್ತೇವೆ ಎಂದರೆ ರುಚಿ ನೋಡಿ ಒಪ್ಪುತ್ತಾರೆ, ನಮಗೆ ಕಲಿಸಿಕೊಡಿ ಎಂದು ಕೇಳಿದಳು. ಸುಷ್ಮಾಳ ಕಣ್ಣು ಅಗಲವಾದವು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

"ಆರುನೂರು ಮಂದಿ ಅಪ್ಪಾ! ದಿನಾ ಬೆಳಿಗ್ಗೆ ಆರುನೂರು ಮಂದಿ ನಮ್ಮ ಗುಡ್ಡದ ಕಾಫಿ ಕುಡೀತಾರೆ. ಮಾಡೋರು ನಮ್ಮ ಹೆಣ್ಮಕ್ಕಳು. ಇದೊಂದು ಆದ್ರೆ ನಾನು ಕಲ್ತಿದ್ದು ಸಾರ್ಥಕ."

"ಆಗದಿದ್ರೆ?"

"ಆಗದಿದ್ರೆ ಆ ಹನ್ನೆರಡು ಮಂದಿ ಮತ್ತೆ ಯಾವತ್ತೂ ಫಿಲ್ಟರ್ ಮುಟ್ಟಲ್ಲ. ನಮ್ಮ ಕೈಲಿ ಆಗಲ್ಲ ಅಂದ್ಕೊಂಡು ಬಿಡ್ತಾರೆ."

ನಾಲ್ಕು ಭಾನುವಾರ ಹರಿಹರಕ್ಕೆ ಹೋಗಿ ಕಲಿಸಿದಳು. ಹೊಳೆಯಿಂದ ಬರುವ ನಳದ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡು ಅವರೂ ಮಾಡಿ ಮಾಡಿ ಕೈ ಕುದುರಿಸಿಕೊಂಡರು. ಅವರಲ್ಲಿ ದ್ರಾಕ್ಷಾಯಣಮ್ಮ ಎಂಬ ಐವತ್ತರ ಹೆಂಗಸಿನ ಕೈ ಎಲ್ಲರಿಗಿಂತ ಚೆನ್ನಾಗಿದೆ, ಆದರೆ ಬಾಯಿ ಮಾತ್ರ ಇಲ್ಲ ಎಂದು ಮಗಳು ಹೇಳುತ್ತಿದ್ದಳು. ಯಾರು ಮಾಡಿದ್ದನ್ನು ಕುಡಿಸಿದರೂ ತಲೆ ತಗ್ಗಿಸಿ "ಚಲೋ ಐತ್ರಿ" ಎನ್ನುತ್ತಾಳಂತೆ.

ಪಂಚಾಕ್ಷರಪ್ಪನವರು ರುಚಿ ನೋಡುವ ಪರೀಕ್ಷೆಯ ದಿನ ನನ್ನನ್ನೂ ಎಬ್ಬಿಸಿ ಕರೆದುಕೊಂಡು ಹೋದಳು. "ಇಪ್ಪತ್ತು ಲೀಟರ್ ಹಾಲು ತಳ ಹಿಡೀದಂಗೆ ಕಾಯ್ಸಾಕೆ ನಿನ್ನ ಬಿಟ್ರೆ ಯಾರಿದಾರೆ?" ಎಂದಳು. ಹೊಗಳಿಕೆಗೆ ಸೋತು ಲಗೇಜ್ ಆಟೋ ಹತ್ತಿದೆ.

ನಾವು ಮುಟ್ಟಿದಾಗ ಒಂಬತ್ತು ಗಂಟೆ. ಸಂಘದ ಸಣ್ಣ ಕೋಣೆ ತೊಳೆಸಿಕೊಂಡು ರಂಗೋಲಿ ಹಾಕಿಸಿಕೊಂಡಿತ್ತು. ಹೆಂಗಸರೆಲ್ಲ ಒಳ್ಳೇ ಸೀರೆ ಉಟ್ಟಿದ್ದರು. ಎರಡು ದೊಡ್ಡ ಹಿತ್ತಾಳೆ ಫಿಲ್ಟರುಗಳಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು. ಆ ದಿನ ತಾನು ಯಾವುದಕ್ಕೂ ಕೈ ಹಾಕುವುದಿಲ್ಲ ಎಂದು ಸುಷ್ಮಾ ಮೊದಲೇ ಹೇಳಿಬಿಟ್ಟಿದ್ದಳು. ಪುಡಿ ಅಳೆದವರು ಅವರು, ನೀರು ಕಾಯಿಸಿದವರು ಅವರು, ಸುರಿದವರು ಅವರು. ನಾನು ಹಾಲಿನ ಮುಂದೆ ಸೌಟು ಹಿಡಿದು ಕೂತೆ.

ಹತ್ತು ಗಂಟೆಗೆ ರುಚಿ ನೋಡುವ ಶಾಸ್ತ್ರ ನಡೆಯಿತು. ಮೊದಲು ಭಾಗ್ಯಲಕ್ಷ್ಮಿ ಕುಡಿದಳು. "ಚಲೋ ಐತೆ ಮೇಡಂ." ಪಕ್ಕದವಳೂ ಚಲೋ ಐತೆ ಎಂದಳು. ಲೋಟ ಸಾಲಾಗಿ ಹೋಯಿತು, ಚಲೋ ಐತೆಯೂ ಅದರ ಬೆನ್ನಿಗೇ ಹೋಯಿತು. ಕೊನೆಗೆ ಸುಷ್ಮಾ ಒಂದು ಗುಟುಕು ಕುಡಿದಳು. ಅವಳ ಮುಖ ನನಗೆ ಗೊತ್ತು. ಚಿಕ್ಕವಳಿದ್ದಾಗ ಲೆಕ್ಕ ತಪ್ಪಾದರೆ ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ಈಗಲೂ ಕಚ್ಚಿಕೊಂಡಳು.

"ದ್ರಾಕ್ಷಾಯಣಮ್ಮಾರೆ, ಇನ್ನೊಂದ್ಸಲ ಕುಡ್ದು ನಿಜ ಹೇಳ್ರಿ."

ಆಕೆ ಕುಡಿದಳು. ನೆಲ ನೋಡಿದಳು. "ಚಲೋ ಐತ್ರಿ ಮೇಡಂ."

ಇದೇನಪ್ಪ ಎಂದು ನಾನೂ ಒಂದು ಲೋಟ ಇಸಿದುಕೊಂಡು ಬಾಯಿಗೆ ಹಾಕಿದೆ. ಕಾಫಿಯ ಗಂಧವಿಲ್ಲದ ನನಗೂ ತಿಳಿಯಿತು. ಬಣ್ಣವಿತ್ತು, ಬಿಸಿಯಿತ್ತು, ನಾಲಿಗೆ ಮೇಲೆ ನಿಲ್ಲುವಂಥದ್ದು ಏನೂ ಇರಲಿಲ್ಲ. ಈ ಪೊಳ್ಳು ರುಚಿ ನನಗೆ ಹಳೇ ಪರಿಚಯ. ಮೂಲೆಗೆ ನೋಡಿದೆ. ಐದು ಖಾಲಿ ನೀರಿನ ಕ್ಯಾನು ಸಾಲಾಗಿ ನಿಂತಿದ್ದವು.

ಎರಡು ಬೇಸಿಗೆಯ ಹಿಂದೆ ನಮ್ಮ ಬೋರು ಬತ್ತಿದಾಗ ನಾನೂ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಚಾ ಮಾಡಿದ್ದೆ. ಆ ಮಷಿನ್ನು ನೀರಿನಲ್ಲಿರುವ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಸೋಸಿ ಎಸೆಯುತ್ತದೆ, ಆಮೇಲೆ ಅದರಲ್ಲಿ ಚಾ ಸೊಪ್ಪು ಹಾಕಿ ಎಷ್ಟು ಕುದಿಸಿದರೂ ಸಾರ ಹಿಡಿಯುವುದಿಲ್ಲ. ದಿನವೂ ಬರುತ್ತಿದ್ದ ಉಚ್ಚೆಂಗಪ್ಪ ಮೂರು ದಿನ ಕುಡಿದು ಮೂರು ದಿನವೂ ಚಲೋ ಐತೆ ಎಂದ. ನಾಲ್ಕನೇ ದಿನ ಎದುರಿನ ಅಂಗಡಿಯಲ್ಲಿ ಕೂತಿದ್ದ. ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇವತ್ತಿಗೂ ಅವನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಎಲ್ಲಿ ಚಲೋ ಐತ್ರಿ?" ಎಂದು ನಾನು ಎದ್ದೇಬಿಟ್ಟೆ. "ಇದಕ್ಕೆ ಯಾವ..."

"ಅಪ್ಪಾ, ನೀನು ಸುಮ್ನಿರು!"

ಹನ್ನೆರಡು ಜನರ ಮುಂದೆ ಮಗಳು ಗದರಿದಳು. ಸಿಟ್ಟು ನೆತ್ತಿಗೇರಿತು. ಆದರೆ ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಪಾತ್ರೆ ತೊಳೆಯಲು ಬಿಟ್ಟಿದ್ದ ಡ್ರಮ್ಮಿನಿಂದ ನಳದ ನೀರು ಮೊಗೆದಳು, ಕಾಯಿಸಿದಳು, ಚೀಲದಿಂದ ಸಣ್ಣ ಫಿಲ್ಟರ್ ತೆಗೆದು ಅದೇ ಪುಡಿ ಹಾಕಿ ಸುರಿದಳು. ಅರ್ಧ ತಾಸು ಎಲ್ಲರೂ ಆ ಫಿಲ್ಟರನ್ನು ನೋಡುತ್ತ ಕೂತೆವು. ಇಳಿದ ಮೇಲೆ ಅದರದೊಂದು, ದೊಡ್ಡ ಫಿಲ್ಟರಿನದೊಂದು, ಎರಡು ಲೋಟಕ್ಕೂ ಹಾಲು ಬೆರೆಸಿ ದ್ರಾಕ್ಷಾಯಣಮ್ಮನ ಮುಂದಿಟ್ಟಳು.

ಆಕೆ ಒಂದನ್ನು ಕುಡಿದಳು, ಇನ್ನೊಂದನ್ನು ಕುಡಿದಳು, ಮತ್ತೆ ಮೊದಲನೆಯದನ್ನು ಕುಡಿದಳು. ತಲೆ ಎತ್ತಿದಳು. "ಮೇಡಂ, ದೊಡ್ಡೋರು ಬರ್ತಾರೆ ಅಂತ ಕ್ಯಾನ್ ನೀರು ತರ್ಸಿದ್ವಿ. ನಳದ ನೀರಾಗೆ ಮಾಡಿ ಹೆಂಗ ಕೊಡಾದು ಅಂತ... ನೀರು ಕೆಡಿಸ್ತು ಅಲ್ರೀ?"

"ಹೂಂ. ಆವಾಗ್ಲೇ ಗೊತ್ತಾಗಿರಲಿಲ್ಲೇನ್ರಿ ನಿಮಗೆ?"

"ಏನೋ ಕಮ್ಮಿ ಐತೆ ಅಂತ ಗೊತ್ತಾತ್ರಿ. ಎಲ್ರೂ ಚಲೋ ಅಂದ್ರು. ನಾನೊಬ್ಳು ಹೆಂಗ ಅನ್ಲಿ?"

"ಇನ್ಮುಂದೆ ಚಲೋ ಐತೆ ಅನ್ನಬ್ಯಾಡ್ರಿ. ಚಲೋ ಆದಾಗ ಮಾತ್ರ ಅನ್ರಿ" ಎಂದಳು ಸುಷ್ಮಾ. ಸಿಟ್ಟಿನಿಂದಲ್ಲ, ಕೈ ಹಿಡಿದುಕೊಂಡು ಹೇಳಿದಳು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಹನ್ನೊಂದಕ್ಕೆ ಬರುತ್ತೇನೆಂದಿದ್ದ ಪಂಚಾಕ್ಷರಪ್ಪನವರು ಹತ್ತು ನಿಮಿಷ ಮೊದಲೇ ಬಂದಿದ್ದರು. ಹಣೆಗೆ ವಿಭೂತಿ, ಇಸ್ತ್ರಿ ಅಂಗಿ, ಕೈಯಲ್ಲಿ ಮೊಬೈಲು. ದೊಡ್ಡ ಫಿಲ್ಟರಿಗೆ ಮತ್ತೆ ಪುಡಿ ಹಾಕಿ ಇಳಿಸಲು ಒಂದು ತಾಸು ಬೇಕು. ಭಾಗ್ಯಲಕ್ಷ್ಮಿ ಓಡಿಬಂದು ಪಿಸುಗುಟ್ಟಿದಳು. "ಮೇಡಂ, ಆ ಸಣ್ಣ ಫಿಲ್ಟರ್‌ದಾಗೆ ಒಂದು ಲೋಟಕ್ಕಾಗೋಷ್ಟು ಐತೆ. ಅದನ್ನೇ ಕೊಟ್ಬಿಡಾಣ. ಅವ್ರಿಗೇನು ಗೊತ್ತಾಗುತ್ತೆ?"

ನಿಜ ಹೇಳಬೇಕೆಂದರೆ ನಾನಾಗಿದ್ದರೆ ಅದನ್ನೇ ಕೊಡುತ್ತಿದ್ದೆ. ಸುಷ್ಮಾ ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. "ಕಾಫಿ ನಿಮ್ದು. ನೀವೇ ಹೇಳ್ರಿ" ಎಂದು ಗೋಡೆಗೆ ಒರಗಿ ನಿಂತಳು. ಅವಳ ಕನಸೆಲ್ಲ ಒಂದು ಲೋಟದಲ್ಲಿತ್ತು, ಆ ಲೋಟವನ್ನು ಬೇರೆಯವರ ಕೈಗೆ ಕೊಟ್ಟು ನಿಂತಿದ್ದಳು.

ದ್ರಾಕ್ಷಾಯಣಮ್ಮ ಸೆರಗು ಹೊದ್ದು ಮುಂದೆ ಹೋದಳು. ಹೋಗುವಾಗ ತಟ್ಟೆಯಲ್ಲಿ ಇಟ್ಟುಕೊಂಡಿದ್ದು ದೊಡ್ಡ ಫಿಲ್ಟರಿನ ಕಾಫಿ.

"ಬರ್ರಿ ಸರ್, ಕೂಡ್ರಿ. ನಾವು ಮಾಡಿದ್ದು ಇದು. ಇದು ಚಲೋ ಆಗಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಲೋಟ ತೆಗೆದುಕೊಂಡು ಕುಡಿದರು. "ಯಾಕಮ್ಮ? ಚಲೋನೇ ಐತಲ್ಲ."

"ಇಲ್ರಿ. ಇದನ್ನ ನೀವು ಇವತ್ತು ಚಲೋ ಅಂತೀರಿ. ನಿಮ್ಮ ಆರುನೂರು ಮಂದೀನೂ ಒಂದು ವಾರ ಚಲೋ ಅಂತಾರೆ. ಆಮೇಲೆ ಗೇಟಿನ ಹೊರಗೆ ಹೋಗಿ ಚಾ ಕುಡೀತಾರೆ." ಆಕೆ ಮೂಲೆಯ ಕ್ಯಾನುಗಳ ಕಡೆ ಕೈ ತೋರಿಸಿದಳು. "ನೀರು ಬದ್ಲಿ ಮಾಡಿ ತಪ್ಪು ಮಾಡಿದ್ವಿ. ಒಂದು ತಾಸು ಕೂಡ್ರಿ ಸರ್. ಸರಿಯಾಗಿ ಮಾಡಿ ಕೊಡ್ತೀವಿ."

ಅವರು ಗಡಿಯಾರ ನೋಡಿಕೊಂಡರು. ಹನ್ನೆರಡಕ್ಕೆ ಮೀಟಿಂಗ್ ಇದೆ ಎಂದರು. ಆಕೆ ಕದಲಲಿಲ್ಲ. ಅವರು ಆಕೆಯನ್ನು ನೋಡಿದರು, ಲೋಟವನ್ನು ನೋಡಿದರು, ಫೋನ್ ತೆಗೆದು ಮೀಟಿಂಗ್ ಮಧ್ಯಾಹ್ನಕ್ಕೆ ಹಾಕ್ರಿ ಎಂದು ಯಾರಿಗೋ ಹೇಳಿ ಕುರ್ಚಿ ಎಳೆದುಕೊಂಡರು.

ಆಮೇಲಿನ ಒಂದು ತಾಸು ನೋಡಬೇಕಿತ್ತು ನೀವು. ಒಬ್ಬಳು ಡ್ರಮ್ಮಿನಿಂದ ನೀರು ಸೋಸಿ ತಂದಳು, ಒಬ್ಬಳು ಪುಡಿ ತೂಗಿದಳು, ಒಬ್ಬಳು ಫಿಲ್ಟರನ್ನು ಬಿಸಿನೀರಲ್ಲಿ ತೊಳೆದಳು. ದ್ರಾಕ್ಷಾಯಣಮ್ಮ ಪುಡಿಯನ್ನು ಅಂಗೈಯಿಂದ ಹದವಾಗಿ ಒತ್ತಿ, ಅಂಚಿನಿಂದ ನಡುವಿಗೆ ಸುತ್ತು ಹಾಕುತ್ತ ನೀರು ಸುರಿದಳು. ನನ್ನ ಮಗಳು ಸುರಿಯುವುದೂ ಥೇಟ್ ಹಾಗೆಯೇ. ಕಾಫಿಯ ವಾಸನೆ ಕೋಣೆಯ ತುಂಬ ಎದ್ದಿತು. ಸುಷ್ಮಾ ಒಂದಕ್ಕೂ ಕೈ ಹಾಕಲಿಲ್ಲ. ನಾನು ಮಾತ್ರ ಹಾಲು ಕಾಯಿಸಿದೆ, ಕೆನೆ ಕಟ್ಟಗೊಡಲಿಲ್ಲ.

ಹೊಸ ಕಾಫಿ ಬಂತು. ಪಂಚಾಕ್ಷರಪ್ಪನವರು ಅರ್ಧ ಲೋಟ ಕುಡಿದು ಕೆಳಗಿಟ್ಟರು. ಹನ್ನೆರಡೂ ಹೆಂಗಸರು ಅವರ ಮುಖವನ್ನೇ ನೋಡುತ್ತಿದ್ದರು.

"ನಾನು ಏನು ಹೇಳಿದ್ರೂ ಈಗ ನಿಮಗೆ ನಂಬಿಕೆ ಬರಲ್ಲ" ಎಂದರು ನಗುತ್ತ. "ಆವಾಗ ಅದನ್ನೂ ಚಲೋ ಅಂದೋನು ನಾನು. ಅಮ್ಮಾ, ನೀವೇ ಕುಡ್ದು ಹೇಳ್ರಿ. ನೀವು ಹೂಂ ಅಂದ್ರೆ ಸೋಮವಾರದಿಂದ ಕ್ಯಾಂಟೀನಿಗೆ ಬರ್ಲಿ."

ದ್ರಾಕ್ಷಾಯಣಮ್ಮ ಲೋಟ ತೆಗೆದುಕೊಂಡಳು. ಅವಸರ ಮಾಡಲಿಲ್ಲ. ಒಂದು ಗುಟುಕು ಬಾಯಲ್ಲಿ ಹಿಡಿದು ನುಂಗಿದಳು. ಇನ್ನೊಂದು ಗುಟುಕು ಕುಡಿದಳು. ನೆಲ ನೋಡಲಿಲ್ಲ.

"ಈಗ ಚಲೋ ಐತೆ" ಎಂದಳು.

ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಸುಷ್ಮಾ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ನನಗೆ ನನ್ನ ಮಗಳ ಮೇಲೆ ಎಂದೂ ಬಾರದಷ್ಟು ಹೆಮ್ಮೆ ಬಂತು. ಇಷ್ಟು ದಿನ ಅವಳು ಕಾಫಿಯೊಂದನ್ನೇ ಕಲಿಸುತ್ತಾಳೆ ಎಂದುಕೊಂಡಿದ್ದೆ.

ವಾಪಸು ಬರುವಾಗ ಆಟೋದ ಹಿಂದೆ ಖಾಲಿ ಹಾಲಿನ ಕ್ಯಾನುಗಳ ಪಕ್ಕ ಇಬ್ಬರೂ ಕೂತಿದ್ದೆವು. "ಅಂಗಡಿ ಶುರು ಮಾಡಿದ ದಿನ ನಿನ್ನ ಕಾಫಿ ನನಗೆ ಸೇರಿರ್ಲಿಲ್ಲ ಕಣೇ. ಸುಳ್ಳು ಹೇಳಿದ್ದೆ" ಎಂದೆ.

"ಗೊತ್ತು."

"ಇವತ್ತಿಂದು ಎರಡು ಲೋಟ ಕುಡ್ದೆ."

"ಅದೂ ಗೊತ್ತು. ನೋಡ್ದೆ" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ವಿದ್ಯಾನಗರಕ್ಕೆ ಹೊರಟವಳು ನನ್ನ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ ಚಾ ಕೇಳಿದಳು. ಬೆಂಚಿನ ತುಂಬ ಗಿರಾಕಿಗಳಿದ್ದರು. ಒಂದು ಲೋಟ ಕೊಟ್ಟೆ. ಕುಡಿದಳು, ಕೆಳತುಟಿ ಕಚ್ಚಿಕೊಂಡಳು.

"ಅಪ್ಪಾ, ಇವತ್ತು ಚಲೋ ಆಗಿಲ್ಲ. ಸೊಪ್ಪು ಜಾಸ್ತಿ ಕುದ್ದೈತೆ."

ಮೂವತ್ತೆರಡು ವರ್ಷದಲ್ಲಿ ನನ್ನ ಚಾ ಕುಡಿದು ಈ ಮಾತು ಹೇಳಿದವರು ಯಾರೂ ಇರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ನನ್ನ ಸಿಟ್ಟು ಬಲ್ಲವರು, ಸುಮ್ಮನೆ ಲೋಟ ಕೆಳಗಿಟ್ಟರು. ನಾನು ಪಾತ್ರೆ ಎತ್ತಿ ಚಾ ಪೂರ್ತಿ ಮೋರಿಗೆ ಸುರಿದೆ, ಹೊಸ ನೀರು ಒಲೆ ಮೇಲಿಟ್ಟೆ.

"ಹತ್ತು ನಿಮಿಷ ಕೂಡ್ರಿ. ಚಲೋ ಆಗಿರ್ಲಿಲ್ಲಂತೆ" ಎಂದೆ ಎಲ್ಲರಿಗೂ ಕೇಳುವಂತೆ. "ನನ್ನ ಮಗಳು ಹೇಳಿದ್ಲು."